ಕ್ಲಾಬ್ಸಿ ಡಬಲ್ ಆಯ್ತಾ? ಕೈ ಸ್ಕ್ವೇರ್ ಜೊತೆ ಮೂರು ವಾರದ ಜಗಳ

ಕೊನೆಗೂ ನಿನ್ನೆ ರಾತ್ರಿ ಹನ್ನೊಂದೂವರೆಗೆ ನಮ್ಮ ಕ್ಲಾಬ್ಸಿ (ಸೆಂಟ್ರಲ್ ಲೈನ್, ಅಂದ್ರೆ ದೊಡ್ಡ ರಕ್ತನಾಳಕ್ಕೆ ಹಾಕೋ ಟ್ಯೂಬಿನಿಂದ ಬರೋ ರಕ್ತದ ಇನ್ಫೆಕ್ಷನ್) ಲೆಕ್ಕದ ಎಕ್ಸೆಲ್ ಶೀಟ್ ಸರಿಯಾಯ್ತು. ಖುಷಿಗೆ ಮನೆಯವರನ್ನ ಎಬ್ಬಿಸಿ ತೋರಿಸಿದ್ರೆ "ಇದಕ್ಕಾ ಮೂರು ವಾರ?" ಅಂದ್ಬಿಟ್ಟು ಮಗ್ಗುಲಾದ್ರು. ಅದಕ್ಕೇ ಇಲ್ಲಿ ಬರೀತಿದೀನಿ, ನಿಮಗಾದ್ರೂ ಅರ್ಥ ಆಗುತ್ತೆ.

ರೇಟ್ ಲೆಕ್ಕ, ಲೈನ್ ಡೇಸ್ (ಲೈನ್ ಇರೋ ಪೇಶೆಂಟ್‌ಗಳನ್ನ ದಿನಾ ಎಣಿಸಿ ಕೂಡಿಸಿದ ಒಟ್ಟು) ಎಣಿಸೋದು, ಒಬ್ಬ ಪೇಶೆಂಟ್‌ಗೆ ಎರಡು ಸೆಂಟ್ರಲ್ ಲೈನ್ ಇದ್ರೂ ಒಂದೇ ಲೈನ್ ಡೇ ಅನ್ನೋದು, ಇದೆಲ್ಲ ನಿಮಗೆ ಗೊತ್ತಿರೋದೇ, ಬಿಡಿ. ಜಗಳ ಶುರುವಾಗಿದ್ದು ಮೀಟಿಂಗ್‌ನಲ್ಲಿ. ನಮ್ಮ ಐಸಿಯುದು (ಆಸ್ಪತ್ರೆ ನಂಬರ್ ಇದ್ದಂಗೇ ಹಾಕೋ ಹಂಗಿಲ್ಲ, ಸ್ವಲ್ಪ ತಿರುಗಿಸಿದೀನಿ) ಮಾರ್ಚ್‌ನಲ್ಲಿ 198 ಲೈನ್ ಡೇಸ್‌ಗೆ ಸೊನ್ನೆ ಕೇಸು, ಏಪ್ರಿಲ್‌ನಲ್ಲಿ 212ಕ್ಕೆ ಒಂದು, ಮೇನಲ್ಲಿ 205ಕ್ಕೆ ಎರಡು. ಸಾವಿರ ಲೈನ್ ಡೇಸ್‌ಗೆ ಅಂತ ಹಾಕಿದ್ರೆ 0, 4.7, 9.8. ಮಾರ್ಚ್‌ನಲ್ಲಿ ಸೊನ್ನೆ ಬಂತು ಅಂತ ಕೇಕ್ ಕಟ್ ಮಾಡಿದ್ದೋರೇ ಜೂನ್ ಮೊದಲ ವಾರ ನನ್ನ ಕಡೆ ತಿರುಗಿ "ಏನ್ ಸಿಸ್ಟರ್, ಡಬಲ್ ಆಗಿದೆಯಲ್ಲ, ಮೂರು ತಿಂಗಳಿಂದ ಏರ್ತಾನೇ ಇದೆ" ಅಂದ್ರು. ಬಾರ್ ಚಾರ್ಟ್ ನಾನೇ ಹಾಕಿದ್ದು, ಕೆಂಪು ಬಣ್ಣ ಬೇರೆ ಕೊಟ್ಟಿದ್ದೆ, ಮೆಟ್ಟಿಲು ಇದ್ದಂಗೆ ಕಾಣ್ತಿತ್ತು. ಉತ್ತರ ಕೊಡೋಕೆ ಬಾಯೇ ಬರ್ಲಿಲ್ಲ.

ಒಂದು ಎರಡಾದ್ರೆ ಡಬಲ್ಲೇ, ಸುಳ್ಳಲ್ಲ. ಆದ್ರೆ ಒಂದು ಎರಡಾಗೋಕೆ ಎಷ್ಟು ಹೊತ್ತು? ಮೂರು ಕೇಸನ್ನ ಹೆಚ್ಚುಕಮ್ಮಿ ಸಮ ಇರೋ ಎರಡು ತಿಂಗಳಿಗೆ ಕಣ್ಮುಚ್ಚಿ ಹಂಚೋದು ಅಂದ್ರೆ ನಾಣ್ಯ ಮೂರು ಸಲ ಚಿಮ್ಮಿಸಿದಂಗೆ, ಆ ಕಡೆಗೋ ಈ ಕಡೆಗೋ 2-1 ಆಗೋದು ನಾಲ್ಕರಲ್ಲಿ ಮೂರು ಸಲ. ಇದು ಹೊಳೆದಿದ್ದು ಬಸ್ಸಲ್ಲಿ ಮನೆಗೆ ಬರೋವಾಗ, ಮೀಟಿಂಗ್ ಮುಗಿದು ಎರಡು ಗಂಟೆ ಆದ್ಮೇಲೆ. ಯಾವಾಗ್ಲೂ ಹಿಂಗೇ.

ಸರಿ, ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ರೇಟ್ ಎಷ್ಟರಿಂದ ಎಷ್ಟರೊಳಗೆ ಇರ್ಬಹುದು ಅನ್ನೋ ಮಿತಿ) ಹಾಕಿ ತೋರಿಸೋಣ ಅಂತ ಕೂತೆ. ಸಣ್ಣ ನಂಬರಿಗೆ ಮಾಮೂಲಿ ಪ್ಲಸ್ ಮೈನಸ್ 1.96 ಫಾರ್ಮುಲಾ ಹಾಕಿದ್ರೆ ಕೆಳಗಿನ ಮಿತಿ ಮೈನಸ್‌ಗೆ ಇಳಿಯುತ್ತೆ. ಮೇ ತಿಂಗಳದ್ದು ಸಾವಿರಕ್ಕೆ ಮೈನಸ್ 3.8 ಇನ್ಫೆಕ್ಷನ್ ಅಂದ್ರೆ ಏನು, ನಾವೇ ಬ್ಯಾಕ್ಟೀರಿಯಾಗೆ ಸಾಲ ಕೊಟ್ಟಿದೀವಾ? ಅದಕ್ಕೆ ಎಕ್ಸಾಕ್ಟ್ ಪಾಯ್ಸಾನ್ ಮೆಥಡ್ (ಅಪರೂಪಕ್ಕೆ ಆಗೋ ಘಟನೆಗಳ ಎಣಿಕೆಗೆ ಇರೋ ಲೆಕ್ಕ) ಬೇಕು, ಅದು ಎಕ್ಸೆಲ್‌ನಲ್ಲಿ ಕೈ ಸ್ಕ್ವೇರ್ ಫಂಕ್ಷನ್ ಮೂಲಕ ಬರುತ್ತೆ. ಮೊದಲ ಸಲ ಕೈ ಸ್ಕ್ವೇರ್ ಅನ್ನೋ ಹೆಸರು ಕೇಳಿದಾಗ ಇದು ಹ್ಯಾಂಡ್ ಹೈಜೀನ್‌ದೇ ಯಾವ್ದೋ ಆಡಿಟ್ ಅನ್ಕೊಂಡಿದ್ದೆ, ನಗಬೇಡಿ.

ಕೇಸಿನ ಸಂಖ್ಯೆ ಕೆ ಅಂದ್ರೆ, ಕೆಳಗಿನ ಮಿತಿಗೆ 0.025 ಮತ್ತು ಡಿಗ್ರೀಸ್ ಆಫ್ ಫ್ರೀಡಂ (ಆ ಫಂಕ್ಷನ್ ಕೇಳೋ ಎರಡನೇ ನಂಬರ್) 2ಕೆ, ಮೇಲಿನದಕ್ಕೆ 0.975 ಮತ್ತು 2ಕೆ ಪ್ಲಸ್ 2, ಎರಡನ್ನೂ ಎರಡರಿಂದ ಭಾಗಿಸೋದು. ಇಷ್ಟೇ. ಮೇ ತಿಂಗಳ 2 ಕೇಸಿಗೆ ಹಾಕಿದೆ, ಕೆಳಗಿನ ಮಿತಿ 5.57 ಬಂತು, ಮೇಲಿನದು 0.62. ಕೆಳಗಿರೋದು ಅಟ್ಟದ ಮೇಲೆ, ಮೇಲಿರೋದು ನೆಲಮಾಳಿಗೆಯಲ್ಲಿ! ಬ್ರಾಕೆಟ್ ತಪ್ಪಿರ್ಬೇಕು ಅಂತ ಒಂದು ವಾರ ಬ್ರಾಕೆಟ್ ಹುಡುಕಿದೆ. ಇನ್ನೊಂದು ವಾರ ನನ್ನ ಲೈನ್ ಡೇಸೇ ತಪ್ಪು ಅಂತ ರಿಜಿಸ್ಟರ್ ತಿರುವಿದೆ, ಅದರಲ್ಲಿ ಇನ್ನೊಂದು ಹಗರಣ ಸಿಕ್ತು, ಎಲ್ಲ ಭಾನುವಾರದ ಎಣಿಕೆನೂ ಶನಿವಾರದ್ದೇ ಕಾಪಿ. ಬೈಯೋಕೆ ಹೋಗಿ ನೆನಪಾಯ್ತು, ಐಸಿಯು ಡ್ಯೂಟಿ ಮಾಡ್ತಿದ್ದಾಗ ನಾನೂ ಹಂಗೇ ಬರೀತಿದ್ದೆ. ಸುಮ್ಮನಾದೆ.

ಮೂರನೇ ವಾರ ಗೊತ್ತಾಗಿದ್ದು ಏನಪ್ಪ ಅಂದ್ರೆ, ಎಕ್ಸೆಲ್‌ನಲ್ಲಿ ಈ ಫಂಕ್ಷನ್ ಎರಡು ಥರ ಇದೆ, ಹಳೇದು (CHIINV) ಗ್ರಾಫಿನ ಬಲಗಡೆ ಬಾಲದಿಂದ ಅಳೆಯುತ್ತೆ, ಹೆಸರಿನ ಮಧ್ಯೆ ಡಾಟ್ ಇರೋ ಹೊಸದು (CHISQ.INV) ಎಡಗಡೆಯಿಂದ. ನಾನು ಹೊಸದರ ಫಾರ್ಮುಲಾನ ಹಳೇದಕ್ಕೆ ತುಂಬಿದ್ದೆ. ಒಂದು ಡಾಟ್‌ಗೆ ಇಷ್ಟೆಲ್ಲ! ಬದಲಾಯಿಸಿದ ತಕ್ಷಣ 0.24 ಮತ್ತು 7.22. ಸೊನ್ನೆ ಕೇಸಿನ ತಿಂಗಳಿಗೆ ಕೆಳಗಿನ ಮಿತಿ ಎರರ್ ಹೊಡೆಯುತ್ತೆ, ಅಲ್ಲಿ ಇಫ್ ಹಾಕಿ ಸೊನ್ನೆ ಮಾಡ್ಕೊಳ್ಳಿ.

ಈಗ ರೇಟ್‌ಗೆ ತಿರುಗಿಸಿದ್ರೆ ಏಪ್ರಿಲ್ 0.1ರಿಂದ 26, ಮೇ 1.2ರಿಂದ 35. ಕೇಕ್ ಕಟ್ ಮಾಡಿದ ಮಾರ್ಚ್? ಸೊನ್ನೆಯಿಂದ 18.6! ಅಂದ್ರೆ ಆ ಸೊನ್ನೆ ಒಂದರಿಂದ ಏನೂ ಗೊತ್ತಾಗಲ್ಲ. ಕೈಲೆಕ್ಕ ಬೇಕು ಅಂದ್ರೆ, ಸೊನ್ನೆ ಬಂದಾಗ 3ನ್ನ ಲೈನ್ ಡೇಸ್‌ನಿಂದ ಭಾಗಿಸಿ, 3/198 ಅಂದ್ರೆ ಸಾವಿರಕ್ಕೆ 15, ಇದು ಒಂದೇ ಕಡೆಯ 95% ಮಿತಿ ಆದ್ರಿಂದ ಸ್ವಲ್ಪ ಕಮ್ಮಿ ಬರುತ್ತೆ ಅಷ್ಟೇ.

ಅಷ್ಟಕ್ಕೇ ಬಿಡ್ಲಿಲ್ಲ ನಾನು. ಬೋರ್ಟ್‌ಕೀವಿಚ್ ಅಂತ ಒಬ್ಬರು 1898ರಲ್ಲಿ ಪ್ರಷ್ಯಾ ಸೈನ್ಯದಲ್ಲಿ ಕುದುರೆ ಒದ್ದು ಸತ್ತೋರ ಲೆಕ್ಕ ಬರೆದಿದ್ರು, ಅದರಲ್ಲಿ 10 ದಳ, 20 ವರ್ಷ, ಒಟ್ಟು 122 ಸಾವು. ಆ 200 ದಳ-ವರ್ಷದಲ್ಲಿ 109ರಲ್ಲಿ ಒಂದೂ ಇಲ್ಲ, 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, ಒಂದರಲ್ಲಿ ನಾಲ್ಕು. ಪಾಯ್ಸಾನ್ ಲೆಕ್ಕಕ್ಕೆ ಹೇಳಿ ಮಾಡಿಸಿದಂಗೆ ಕೂರುತ್ತೆ. ನಾಲ್ಕು ಸತ್ತ ವರ್ಷ ಆ ದಳದ ಮುಖ್ಯಸ್ಥರಿಗೂ ಯಾರೋ "ಏನ್ರೀ ಏರ್ತಿದೆಯಲ್ಲ" ಅಂದಿರ್ತಾರೆ ಪಾಪ. ನಾನೂ ನಮ್ಮ 12 ತಿಂಗಳು ಹಾಕಿ ನೋಡಿದೆ, ಒಟ್ಟು 9 ಕೇಸು, ತಿಂಗಳಿಗೆ ಸರಾಸರಿ 0.75. ಲೆಕ್ಕದ ಪ್ರಕಾರ ಸೊನ್ನೆ ತಿಂಗಳು 5.7 ಇರ್ಬೇಕು, ನಮ್ಮದು 5. ಒಂದು ಕೇಸಿನ ತಿಂಗಳು 4.3, ನಮ್ಮದು 5. ಎರಡು ಅಥವಾ ಮೇಲೆ 2.1, ನಮ್ಮದು 2. ಮೈ ಜುಂ ಅಂತು. ವರ್ಷಕ್ಕೆ ಎರಡು ತಿಂಗಳು ಹಿಂಗೆ ಆಗೋದು ಈ ಸರಾಸರಿಯ ಮಾಮೂಲಿ ಸ್ವಭಾವ. ಹಂಗಂತ ಆ ಎರಡು ಕೇಸಿನ ಫೈಲ್ ಮುಚ್ಚಿಟ್ಟೆ ಅನ್ಕೋಬೇಡಿ, ಬಂಡಲ್ ಶೀಟ್ (ಲೈನ್ ನೋಡ್ಕೊಳ್ಳೋ ಚೆಕ್‌ಲಿಸ್ಟ್) ತೆಗೆದು ನೋಡಿದೆ, ಒಂದರಲ್ಲಿ ಹಬ್ ಸ್ಕ್ರಬ್‌ಗೆ (ಲೈನಿನ ಬಾಯಿ ಉಜ್ಜಿ ಒರೆಸೋದಕ್ಕೆ) ಟಿಕ್ಕೇ ಇಲ್ಲ. ಅದರ ಮಾತುಕತೆ ಬೇರೆ ನಡೀತಿದೆ.

ಇದರ ಮಧ್ಯೆ ಒಬ್ಬ ಸಾಫ್ಟ್‌ವೇರ್ ಮಾರೋನು ಬಂದು ಡ್ಯಾಶ್‌ಬೋರ್ಡ್ ತೋರಿಸಿದ. ತ್ರೀಡಿ ಪೈ ಚಾರ್ಟು, ತಿರುಗುತ್ತೆ ಬೇರೆ. ಡಿನಾಮಿನೇಟರ್ (ಭಾಗಿಸೋಕೆ ಬೇಕಾದ ಲೈನ್ ಡೇಸ್) ಎಲ್ಲಪ್ಪ ಅಂದ್ರೆ "ಅದು ನೆಕ್ಸ್ಟ್ ವರ್ಷನ್‌ನಲ್ಲಿ ಮೇಡಂ." ಹ್ಯಾಂಡ್ ರಬ್ ಸಪ್ಲೈಯರ್ ಇನ್ನೂ ಮೇಲು, ಈ ಸಲದ ಬಾಟಲಿ ಪಂಪ್ ಒತ್ತಿದ್ರೆ ಕೈಗೆ ಬಿಟ್ಟು ಗೋಡೆಗೆ ಹಾರುತ್ತೆ. ಮುಂದಿನ ಪ್ರಾಜೆಕ್ಟ್ ಅದೇ, ಸಾವಿರ ಪೇಶೆಂಟ್ ಡೇಸ್‌ಗೆ ಎಷ್ಟು ಲೀಟರ್ ಖರ್ಚು ಅನ್ನೋದು, ಡಬ್ಲ್ಯೂಎಚ್‌ಒ 20 ಲೀಟರ್ ಆದ್ರೂ ಇರ್ಲಿ ಅನ್ನುತ್ತೆ. ನಮ್ಮದು ಚೆನ್ನಾಗೇ ಬರುತ್ತೆ ಅನ್ಸುತ್ತೆ, ಗೋಡೆದೂ ಸೇರಿಸಿದ್ರೆ.

ಅದಕ್ಕೆ ಮುಂಚೆ ಬಾರ್ ಚಾರ್ಟ್ ಕಿತ್ತುಹಾಕಿ ಒಂದು ಕೇಸಿಗೂ ಇನ್ನೊಂದಕ್ಕೂ ಎಷ್ಟು ದಿನದ ಅಂತರ ಅನ್ನೋ ಚಾರ್ಟ್ ಹಾಕ್ಬೇಕು, ಕೇಸ್ ಕಮ್ಮಿ ಇರೋ ನಮ್ಮಂಥೋರಿಗೆ ಅದೇ ವಾಸಿ. ತಾರೀಖು ಯಾವ್ದು ಹಿಡಿಯೋದು ಅಂತ ಎರಡು ದಿನ ಯೋಚಿಸಿ ಸದ್ಯಕ್ಕೆ ಕಲ್ಚರ್ ಸ್ಯಾಂಪಲ್ ತೆಗೆದ ದಿನ ಅಂತ ಇಟ್ಕೊಂಡಿದೀನಿ, ರಿಪೋರ್ಟ್ ದಿನ ಹಿಡಿದ್ರೆ ನಮ್ಮ ಐಸಿಯುನಲ್ಲಿ ಭಾನುವಾರ ಯಾರಿಗೂ ಇನ್ಫೆಕ್ಷನ್ನೇ ಆಗಲ್ಲ, ಲ್ಯಾಬ್ ರಜ.