ಸಿಹಿ ಬೇಡ ಅಂದ ಜಿರಳೆ

ಮುಂಬೈಯಲ್ಲಿ ಪೆಸ್ಟ್ ಕಂಟ್ರೋಲ್ ಕೆಲಸಕ್ಕೆ ಸೇರಿ 11 ವರ್ಷ ಆಯಿತು. ಗಿರಾಕಿಗಳು ಜಾಸ್ತಿ ನಮ್ಮ ಊರಿನವರ ಹೋಟೆಲುಗಳೇ. ಮಾಟುಂಗಾದ ಒಂದು ಹೋಟೆಲಿಗೆ ಎರಡು ವರ್ಷ ಜಿರಳೆಗೆ ಒಂದೇ ಜೆಲ್ (ತಿಂದು ಸಾಯಲಿ ಅಂತ ಇಡುವ ವಿಷದ ಅಂಟು) ಹಾಕುತ್ತಿದ್ದೆ. ಮೊದಮೊದಲು ಬೆಳಿಗ್ಗೆ ಗುಡಿಸಿ ರಾಶಿ ಹಾಕುವಷ್ಟು ಸಾಯುತ್ತಿದ್ದವು, ಆಮೇಲೆ ನಿಧಾನಕ್ಕೆ ಮತ್ತೆ ಶುರು. "ಏನು ಮಾರಾಯಾ, ನಿನ್ನ ಮದ್ದು ತಿಂದು ಅವು ದಪ್ಪ ಆಗ್ತಿವೆ ಅಲ್ವಾ?" ಅಂತ ಧಣಿಗಳ ಫೋನು. ಜೆಲ್ ಉಳಿಸ್ತಿದ್ದೀಯಾ ಅಂತ ನಾನು ಹೆಲ್ಪರ್ ಹುಡುಗನಿಗೆ ಬೈದೆ.

ಒಂದು ರಾತ್ರಿ ಶಟರ್ ಎಳೆದ ಮೇಲೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ (ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ಕಾಣುವುದಿಲ್ಲ) ಫ್ರಿಜ್ಜಿನ ಹಿಂದೆ ಕೂತೆ. ಒಂದು ಬಂತು. ಮೀಸೆ ಆಡಿಸಿತು, ಜೆಲ್ಲಿಗೆ ಬಾಯಿ ತಾಗಿಸಿತು, ಹಾಗಲಕಾಯಿ ಕಚ್ಚಿದ ಮಗುವಿನ ಹಾಗೆ ತಟ್ಟನೆ ಹಿಂದೆ ಸರಿಯಿತು. ಪಕ್ಕದಲ್ಲೇ ಬಿದ್ದಿದ್ದ ಚಟ್ನಿ ಹನಿಯನ್ನು ಮಾತ್ರ ಆರಾಮಾಗಿ ಮುಕ್ಕಿತು.

ಆಮೇಲೆ ಓದಿ ನೋಡಿದೆ. ಎಷ್ಟೋ ಜೆಲ್ಲುಗಳಲ್ಲಿ ಆಸೆ ಹುಟ್ಟಿಸಲು ಗ್ಲೂಕೋಸ್ ಇರುತ್ತದೆ. ಅದನ್ನು ಮುಟ್ಟದ ಜರ್ಮನ್ ಜಿರಳೆಗಳ (ಅಡುಗೆಮನೆಯ ಈ ಸಣ್ಣ ಜಾತಿಯ ಹೆಸರೇ ಅದು) ಬಗ್ಗೆ ಅಮೆರಿಕದಲ್ಲಿ 1993ರಲ್ಲೇ ಬರೆದಿದ್ದಾರೆ. ಕಾರಣ ಸಿಕ್ಕಿದ್ದು 2013ರಲ್ಲಿ: ಅವುಗಳ ಬಾಯಲ್ಲಿ ಕಹಿ ತಿಳಿಸುವ ನರವೇ ಗ್ಲೂಕೋಸಿಗೂ ಮಿಡಿಯುತ್ತದಂತೆ! ಇದು ಕಲಿತ ಬುದ್ಧಿ ಅಲ್ಲ, ಹುಟ್ಟಿನಿಂದ ಬಂದದ್ದು. ಸಿಹಿ ತಿಂದವು ಸತ್ತವು, ಬೇಡ ಅಂದವು ಮರಿ ಹಾಕಿದವು. ಒಂದೊಂದು ಹೆಣ್ಣು 30-40 ಮೊಟ್ಟೆಯ ಚೀಲವನ್ನು ಬಾಲದಲ್ಲೇ ಹೊತ್ತು ತಿರುಗುತ್ತದೆ, ಬಿಸಿ ಅಡುಗೆಮನೆಯಲ್ಲಿ ಮರಿಗಳು ಎರಡು ಮೂರು ತಿಂಗಳಲ್ಲಿ ದೊಡ್ಡವಾಗುತ್ತವೆ. ಅಂದರೆ ಎರಡು ವರ್ಷ ನಾನೇ ಕೂತು ಆರೇಳು ತಲೆಮಾರು ಸೋಸಿ ಕೊಟ್ಟ ಹಾಗೆ.

ಅಂದಹಾಗೆ ಹೆಸರಷ್ಟೇ ಜರ್ಮನ್. 1767ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇಟ್ಟದ್ದು. ಜೀನ್ ಪರೀಕ್ಷೆ ಮಾಡಿದವರು 2024ರಲ್ಲಿ ಹೇಳಿದ ಪ್ರಕಾರ ಇದು ಸುಮಾರು 2,100 ವರ್ಷದ ಹಿಂದೆ ಭಾರತದಲ್ಲೋ ಮ್ಯಾನ್ಮಾರಿನಲ್ಲೋ ಬಯಲಿನ ಜಿರಳೆಯಿಂದ ಕವಲೊಡೆದದ್ದು. ನಮ್ಮ ಕಡೆಯದ್ದೇ, ನಮ್ಮ ಹಾಗೇ ಅಡುಗೆಮನೆ ಹುಡುಕಿಕೊಂಡು ಊರು ಬಿಟ್ಟದ್ದು.

ಮರುವಾರ ಮೊದಲು ವ್ಯಾಕ್ಯೂಮ್ ಹಾಕಿ ಎಳೆದೆವು, ಬೇರೆ ಕಂಪನಿಯ, ಬೇರೆ ರುಚಿಯ ಜೆಲ್ ಇಟ್ಟೆವು. ತಿಂಗಳೊಳಗೆ ಅಂಟು ಟ್ರ್ಯಾಪಿನಲ್ಲಿ ಬೀಳುವುದು ನಾಲ್ಕೈದಕ್ಕೆ ಇಳಿಯಿತು. ಈಗ ಮೂರು ತಿಂಗಳಿಗೊಮ್ಮೆ ಜೆಲ್ ಬದಲು, ತಾರೀಖು ಡಬ್ಬಿ ಮೇಲೆ.

ಹುಡುಗನ ಹತ್ತಿರ ಮೊನ್ನೆ ಚಹಾ ಕುಡಿಯುವಾಗ, ಆವತ್ತು ಬೈಬಾರದಿತ್ತು ಅಂದೆ.

"ಅಣ್ಣಾ, ನೀವು ಬೈದ ಮೇಲೆ ನಾನು ಡಬಲ್ ಹಾಕ್ತಿದ್ದೆ" ಅಂದ.