ಏದುಸಿರಿನ ಲೆಕ್ಕ ತಪಾಸಣೆ

'ವ್ಯಾಯಾಮದಿಂದ ಬುದ್ಧಿ ಚುರುಕಾಗುತ್ತದೆ' ಎಂಬ ಒಕ್ಕಣೆಯ ಸುತ್ತೋಲೆ ವರ್ಷಕ್ಕೊಮ್ಮೆಯಾದರೂ ನಮ್ಮ ಕಚೇರಿಯಲ್ಲಿ ಓಡಾಡುತ್ತದೆ. ಕೈಕಾಲು ಮೂಡಿದ ಮಿದುಳೊಂದು ಭಾರ ಎತ್ತುತ್ತಿರುವ ಚಿತ್ರವೂ ಅದರ ಜೊತೆಗಿರುತ್ತದೆ. ಸೊಂಟ ಸಣ್ಣದಾಗುತ್ತದೆ, ಸಕ್ಕರೆ ಹತೋಟಿಗೆ ಬರುತ್ತದೆ ಎಂದಷ್ಟೇ ಬರೆದಿದ್ದರೆ ಮರುಮಾತಿಲ್ಲದೆ ಸಹಿ ಹಾಕಿ ಮುಂದಿನವರಿಗೆ ದಾಟಿಸುತ್ತಿದ್ದೆ. ಬುದ್ಧಿಯ ಮಾತು ಬಂದರೆ ಮಾತ್ರ ಪೆನ್ಸಿಲ್ ತಾನಾಗಿಯೇ ಕೈಗೆ ಬರುತ್ತದೆ. ನನ್ನದು ಲೆಕ್ಕಪರಿಶೋಧನೆಯ ಕಸುಬು. ಯಾರಾದರೂ 'ಗಣನೀಯ ಏರಿಕೆ' ಎಂದು ಬರೆದಿದ್ದರೆ, ಎಷ್ಟು, ಯಾವುದಕ್ಕೆ ಹೋಲಿಸಿದರೆ ಎಂದು ಅಂಚಿನಲ್ಲಿ ಗೀಚುವುದು ಚಟವಾಗಿಬಿಟ್ಟಿದೆ.

ಸಾಲದ್ದಕ್ಕೆ ಈ ಪ್ರಯೋಗದ ಇಲಿಯೂ ನಾನೇ. ನಲವತ್ತೈದು ದಾಟಿದ ಮೇಲೆ ವೈದ್ಯರ ಒತ್ತಾಯಕ್ಕೆ ಮಣಿದು ಬಿರುಸು ನಡಿಗೆ ಆರಂಭಿಸಿದೆ. ನಡಿಗೆ ನಿಧಾನವಾಗಿ ಓಟಕ್ಕೆ ತಿರುಗಿತು. ಕೆಲವು ತಿಂಗಳು ಕಳೆದ ಮೇಲೆ ಕೆಲಸದಲ್ಲಿ ಏನೋ ಹಗುರವಾದಂತೆ ಅನ್ನಿಸತೊಡಗಿತು. ನೂರಾರು ಸಾಲುಗಳ ಪಟ್ಟಿಯನ್ನು ರಸೀದಿಗಳೊಂದಿಗೆ ತಾಳೆ ನೋಡುತ್ತಿರುವಾಗ ಫೋನ್ ಬರುತ್ತದೆ. ಮಾತು ಮುಗಿಸಿ ತಿರುಗಿದರೆ ಎಲ್ಲಿದ್ದೆ ಎಂಬುದೇ ಮರೆತಿರುತ್ತದೆ. ಹಿಂದೆಲ್ಲ ಪುಟದ ಮೊದಲಿನಿಂದ ಶುರುಮಾಡುತ್ತಿದ್ದೆ; ಈಗ ಬಿಟ್ಟ ಸಾಲು ಬೇಗ ಸಿಗುತ್ತಿದೆ ಎನ್ನಿಸಿತು. ಆದರೆ ಅನ್ನಿಸಿಕೆಗೆ ರಸೀದಿ ಇರುವುದಿಲ್ಲವಲ್ಲ. ಹಾಗಾಗಿ ಸಂಜೆಗಳಲ್ಲಿ ಸಂಶೋಧನಾ ಪ್ರಬಂಧಗಳನ್ನೇ ಹಿಡಿದು ಕುಳಿತೆ.

ಈ ಪ್ರಬಂಧಗಳಲ್ಲಿ 'ಬುದ್ಧಿ' ಎಂಬ ಒಂದು ಖಾತೆಯೇ ಇಲ್ಲ. ಜ್ಞಾಪಕಶಕ್ತಿ, ವೇಗ, ಭಾಷೆ, ಗಮನ ಎಂದು ಬೇರೆ ಬೇರೆ ಖಾತೆಗಳಿವೆ. ಅವುಗಳಲ್ಲಿ ವ್ಯಾಯಾಮದ ಹೆಸರಿನಲ್ಲಿ ಅತಿ ಹೆಚ್ಚು ಜಮೆ ಕಾಣುವುದು ಕಾರ್ಯನಿರ್ವಾಹಕ ಸಾಮರ್ಥ್ಯ ಎಂದು ಕರೆಯುವ ಖಾತೆಯಲ್ಲಿ. ನಾಲಿಗೆಯ ತುದಿಗೆ ಬಂದ ತಪ್ಪು ಉತ್ತರವನ್ನು ತಡೆಹಿಡಿಯುವುದು, ಎರಡು ಮೂರು ಸಂಗತಿಗಳನ್ನು ಮನಸ್ಸಿನಲ್ಲಿ ಏಕಕಾಲಕ್ಕೆ ಹಿಡಿದಿಡುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಎಡವದೆ ಹೊರಳುವುದು, ಇವೆಲ್ಲ ಅದರೊಳಗೆ ಬರುತ್ತವೆ. ಕಚೇರಿಯ ದಿನವೆಂದರೆ ಬಹುಪಾಲು ಇದೇ ಅಲ್ಲವೇ?

ಇದನ್ನು ಅಳೆಯುವ ಪರೀಕ್ಷೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ್ದು. 'ಕೆಂಪು' ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದಿರುತ್ತಾರೆ. ಪದವನ್ನು ಓದದೆ ಶಾಯಿಯ ಬಣ್ಣವನ್ನು ಹೇಳಬೇಕು. ಕಣ್ಣು ಓದಿಯೇ ಬಿಡುತ್ತದೆ, ಬಾಯಿ ತಡವರಿಸುತ್ತದೆ. ಬಣ್ಣದ ಪೆನ್ನುಗಳಿಂದ ಇಂಥದ್ದೊಂದು ಹಾಳೆಯನ್ನು ನಾನೇ ಬರೆದು ಮನೆಯವರ ಮುಂದೆಲ್ಲ ಹಿಡಿದೆ. ಗೆದ್ದವಳು ಐದು ವರ್ಷದ ತಂಗಿಯ ಮಗಳು. ಅವಳಿಗೆ ಇನ್ನೂ ಓದಲು ಬರುವುದಿಲ್ಲ, ತಡೆಹಿಡಿಯಬೇಕಾದ ಪದವೇ ಅವಳ ಪಾಲಿಗೆ ಇರಲಿಲ್ಲ. ನಾವು ಓದಬಲ್ಲವರೆಲ್ಲ ಸಾಲಾಗಿ ಮುಗ್ಗರಿಸಿದೆವು.

ದುಡಿಯುವ ವಯಸ್ಸಿನವರ ಮೇಲೆ ನಡೆದ ಒಳ್ಳೆಯ ಪ್ರಯೋಗಗಳು ಅಚ್ಚರಿಯಾಗುವಷ್ಟು ಕಡಿಮೆ. ಹೆಸರುವಾಸಿಯಾದ ಹಳೆಯ ಪ್ರಯೋಗಗಳೆಲ್ಲ ನಿವೃತ್ತರ ಮೇಲೆ ನಡೆದವು. 1999ರಲ್ಲಿ ಆರ್ಥರ್ ಕ್ರೇಮರ್ ಅವರ ತಂಡ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು 60ರಿಂದ 75ರ ವಯೋಮಾನದ 124 ಮಂದಿ. 2011ರಲ್ಲಿ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನ ಗಾತ್ರ ಒಂದು ವರ್ಷದ ನಡಿಗೆಯಿಂದ ಸುಮಾರು ಶೇ. 2ರಷ್ಟು ಹೆಚ್ಚಿತು ಎಂದು ಸುದ್ದಿಯಾಯಿತಲ್ಲ, ಅಲ್ಲಿದ್ದ 120 ಮಂದಿಯೂ ಹಿರಿಯರೇ. ನಮ್ಮ ಸುತ್ತೋಲೆ ಅವರ ಫಲಿತಾಂಶವನ್ನು ಎತ್ತಿಕೊಂಡು ಮೂವತ್ತರ ಗುಮಾಸ್ತನ ಖಾತೆಗೆ ಜಮೆ ಮಾಡುತ್ತದೆ. ನನ್ನ ಕಸುಬಿನಲ್ಲಿ ಇಂಥ ವರ್ಗಾವಣೆಗೆ ವಿವರಣೆ ಕೇಳಿ ಪತ್ರ ಹೋಗುತ್ತದೆ.

ನಮ್ಮ ವಯಸ್ಸಿನವರಿಗೆ ಹತ್ತಿರವಾದದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಯಾಕೋವ್ ಸ್ಟರ್ನ್ ಮತ್ತು ಸಂಗಡಿಗರು 2019ರಲ್ಲಿ 'ನ್ಯೂರಾಲಜಿ' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ. ಅದರಲ್ಲಿ 20ರಿಂದ 67 ವರ್ಷದ 132 ಮಂದಿ ಇದ್ದರು. ವ್ಯಾಯಾಮದ ಅಭ್ಯಾಸವಿಲ್ಲದವರನ್ನೇ, ದೇಹಕಸುವು ಸರಾಸರಿಗಿಂತ ಕಡಿಮೆ ಇರುವವರನ್ನೇ ಆರಿಸಿಕೊಂಡಿದ್ದರು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹೃದಯ ಬಡಿತ ಏರಿಸುವ ವ್ಯಾಯಾಮ, ಇನ್ನೊಂದಕ್ಕೆ ಮೈ ಚಾಚುವ, ಸ್ನಾಯು ಬಿಗಿಗೊಳಿಸುವ ಹಗುರ ಕಸರತ್ತು. ವಾರಕ್ಕೆ ನಾಲ್ಕು ಸಲದಂತೆ ಆರು ತಿಂಗಳು. ಕೊನೆಗೆ ಏದುಸಿರು ಬಿಟ್ಟ ಗುಂಪಿನಲ್ಲಿ ಕಾರ್ಯನಿರ್ವಾಹಕ ಸಾಮರ್ಥ್ಯ ಸುಧಾರಿಸಿತ್ತು. ಜ್ಞಾಪಕಶಕ್ತಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಎಷ್ಟು ಸುಧಾರಿಸಿತ್ತು? ಲೆಕ್ಕ ಸಂಖ್ಯಾಶಾಸ್ತ್ರದ ಭಾಷೆಯಲ್ಲಿದೆ: 40ರ ವಯಸ್ಸಿನಲ್ಲಿ ಸುಮಾರು 0.23 ಪ್ರಮಾಣಿತ ವಿಚಲನೆ (ಜನರ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ), 60ರಲ್ಲಿ ಸುಮಾರು 0.6. ಪೆನ್ಸಿಲ್ ಹಿಡಿದು ಬಿಡಿಸಿದೆ. ನೂರು ಜನರ ಸಾಲಿನಲ್ಲಿ ನಟ್ಟನಡುವೆ ನಿಂತ ನಲವತ್ತರ ವ್ಯಕ್ತಿ ಆರು ತಿಂಗಳ ಬೆವರಿನ ನಂತರ ಒಂಬತ್ತು ಜನರನ್ನು ದಾಟಿ ಮುಂದೆ ನಿಲ್ಲುತ್ತಾನೆ. ಅರವತ್ತರವನು ಇಪ್ಪತ್ತೆರಡು ಜನರನ್ನು ದಾಟುತ್ತಾನೆ. ಇಪ್ಪತ್ತರ ಹುಡುಗ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತಾನೆ. ಸಂಶೋಧಕರ ಊಹೆಯೂ ಇದಕ್ಕೆ ಹೊಂದುತ್ತದೆ: ವಯಸ್ಸು ಕಿತ್ತುಕೊಂಡಿದ್ದರಲ್ಲಿ ಒಂದು ಪಾಲನ್ನು ವ್ಯಾಯಾಮ ಮರಳಿಸುತ್ತಿರಬಹುದು, ಹೊಸದಾಗಿ ಏನನ್ನೂ ಕೊಡುತ್ತಿಲ್ಲ. ಒಂಬತ್ತು ಜನ ಎಂದರೆ ನನಗೇನೂ ಕಡಿಮೆಯಲ್ಲ. ಆದರೆ 'ಚುರುಕು ಬುದ್ಧಿ' ಎಂಬ ಶೀರ್ಷಿಕೆ ಹೊರುವಷ್ಟು ದೊಡ್ಡ ಮೊತ್ತವೂ ಅದಲ್ಲ.

ಒಂದೇ ಪ್ರಯೋಗವನ್ನು ನೆಚ್ಚಿಕೊಂಡು ಕಡತ ಮುಚ್ಚುವ ಹಾಗಿಲ್ಲ. 2023ರಲ್ಲಿ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಸ್ಪೇನ್‌ನ ಸಂಶೋಧಕರು ಹಳೆಯ ಲೆಕ್ಕವನ್ನೆಲ್ಲ ಮತ್ತೆ ಬಿಚ್ಚಿದರು. 24 ವಿಶ್ಲೇಷಣೆಗಳು, ಅವುಗಳೊಳಗೆ 109 ಪ್ರಯೋಗಗಳು, ಆರೋಗ್ಯವಂತರಾದ 11,266 ಮಂದಿ. ಮೇಲ್ನೋಟಕ್ಕೆ ಸಣ್ಣ ಲಾಭ ಕಂಡಿತು. ಆರಂಭದಲ್ಲೇ ಗುಂಪುಗಳ ನಡುವೆ ಇದ್ದ ವ್ಯತ್ಯಾಸ, ಹೋಲಿಕೆಯ ಗುಂಪು ಏನು ಮಾಡುತ್ತಿತ್ತು ಎಂಬುದು, ಲಾಭ ಕಂಡ ಪ್ರಬಂಧಗಳೇ ಹೆಚ್ಚಾಗಿ ಅಚ್ಚಾಗುವ ವಾಲಿಕೆ, ಇವನ್ನೆಲ್ಲ ಕಳೆದಾಗ ಆ ಲಾಭ ನಗಣ್ಯವಾಯಿತು. ಓದಿದ ಸಂಜೆ ನನಗೆ ಕೊಂಚ ನಿರಾಸೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಆ ಪ್ರಬಂಧದ ಮೇಲೆ ಗೌರವ ಹುಟ್ಟಿತು. ವೃತ್ತಿಬಂಧುಗಳ ಕೆಲಸ ಅದು!

ಹೋಲಿಕೆಯ ಗುಂಪಿನ ಮಾತನ್ನು ಇನ್ನಷ್ಟು ಹೇಳಬೇಕು, ಏಕೆಂದರೆ ಸುತ್ತೋಲೆಗಳು ಜಾರಿ ಬೀಳುವುದು ಅಲ್ಲೇ. ಒಂದೇ ಪರೀಕ್ಷೆಯನ್ನು ಎರಡನೆಯ ಸಲ ಬರೆದವರು ಸುಮ್ಮನೆ ಕುಳಿತಿದ್ದರೂ ಹೆಚ್ಚು ಅಂಕ ಪಡೆಯುತ್ತಾರೆ. ನನ್ನ ಮೊಬೈಲ್‌ನಲ್ಲಿ ಸ್ಟ್ರೂಪ್ ಮಾದರಿಯ ಆಟವೊಂದನ್ನು ಹಾಕಿಕೊಂಡೆ. ಮೊದಲ ವಾರದಲ್ಲೇ ವೇಗ ಜಿಗಿಯಿತು. ಆ ವಾರ ಮಳೆಯೆಂದು ನಾನು ಮನೆಯಿಂದ ಹೊರಬಿದ್ದೇ ಇರಲಿಲ್ಲ. ಹೋಲಿಸಲು ಇನ್ನೊಂದು ಗುಂಪಿಲ್ಲದೆ 'ಮೊದಲು-ನಂತರ'ದ ಅಂಕಗಳನ್ನು ತೋರಿಸುವವರನ್ನು ಅಂದಿನಿಂದ ನಾನು ನಂಬುವುದಿಲ್ಲ. ಇನ್ನೊಂದು ತೊಡಕೆಂದರೆ ನಿರೀಕ್ಷೆ. ಮಾತ್ರೆಯಾದರೆ ಸಕ್ಕರೆಯ ಗುಳಿಗೆ ಕೊಟ್ಟು ಮರೆಮಾಚಬಹುದು, ಓಡುತ್ತಿರುವವಳಿಗೆ ತಾನು ಓಡುತ್ತಿದ್ದೇನೆಂದು ಗೊತ್ತಾಗದಂತೆ ಮಾಡುವುದು ಹೇಗೆ? ಇದಕ್ಕೊಂದು ಜಾಣ ಉತ್ತರ 2014ರಲ್ಲಿ ಬಂತು. ಏದುಸಿರಿನ ವ್ಯಾಯಾಮ ಮತ್ತು ಮೈ ಚಾಚುವ ಕಸರತ್ತು, ಇವೆರಡರಲ್ಲಿ ಯಾವುದು ಮನಸ್ಸಿಗೆ ಹೆಚ್ಚು ಒಳ್ಳೆಯದೆಂದು ನಂಬುತ್ತೀರಿ ಎಂದು ಜನರನ್ನು ಕೇಳಿದರು. ಕಸರತ್ತಿನ ಬಗೆಗಿನ ನಿರೀಕ್ಷೆಯೇನೂ ಕಡಿಮೆ ಇರಲಿಲ್ಲ, ಕೆಲವು ಅಳತೆಗಳಲ್ಲಿ ಹೆಚ್ಚೇ ಇತ್ತು. ಅಂದರೆ ಎರಡು ಗುಂಪುಗಳ ನಡುವಿನ ಅಂತರವನ್ನೆಲ್ಲ ನಂಬಿಕೆಯ ಖಾತೆಗೆ ತಳ್ಳಿಬಿಡಲು ಬರುವುದಿಲ್ಲ.

ಇಡೀ ಓದಿನಲ್ಲಿ ನನಗೆ ಸಿಕ್ಕ ಅತ್ಯಂತ ರುಚಿಕರ ದಾಖಲೆ ಮಿದುಳಿಗೆ ಸಂಬಂಧಿಸಿದ್ದೇ ಅಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಿದ್ದ, ನಿರ್ವಾಹಕ ಮೆಟ್ಟಿಲು ಹತ್ತಿಳಿಯುತ್ತಿದ್ದ. ನಿರ್ವಾಹಕರಲ್ಲಿ ಹೃದಯದ ಕಾಯಿಲೆ ಕಡಿಮೆ ಎಂದು ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತೋರಿಸಿದರು. ಕೆಲಸದಲ್ಲಿ ಮೈ ಆಡುವುದಕ್ಕೂ ಆರೋಗ್ಯಕ್ಕೂ ನಂಟು ಕಟ್ಟಿದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಅದೂ ಒಂದು. ಅಲ್ಲಿಗೇ ಬಿಟ್ಟಿದ್ದರೆ ಎಲ್ಲರಂತಾಗುತ್ತಿತ್ತು. ಮಾರಿಸ್ ಮೂರು ವರ್ಷದ ನಂತರ ಸಮವಸ್ತ್ರದ ದಾಖಲೆಗಳನ್ನು ಹಿಡಿದು ಕುಳಿತರು. ಚಾಲಕರ ಪ್ಯಾಂಟಿನ ಸೊಂಟದಳತೆ ನಿರ್ವಾಹಕರದಕ್ಕಿಂತ ದೊಡ್ಡದಿತ್ತು, ಅದೂ ಕಿರಿಯ ವಯಸ್ಸಿನವರಲ್ಲೂ! ಹಾಗಿದ್ದರೆ ಕುಳಿತು ದಪ್ಪಗಾದರೋ, ದಪ್ಪಗಿದ್ದವರೇ ಕುಳಿತುಕೊಳ್ಳುವ ಕೆಲಸ ಹಿಡಿದರೋ? ತನ್ನ ಸಿದ್ಧಾಂತವನ್ನು ತಾನೇ ದರ್ಜಿಯ ಅಳತೆಪಟ್ಟಿಯಿಂದ ಪರೀಕ್ಷೆಗೊಡ್ಡಿದ ಈ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿಬಿಟ್ಟಿತು. ಜಿಮ್‌ಗೆ ಹೋಗುವವರು ಕಚೇರಿಯಲ್ಲೂ ಚುರುಕು ಎಂಬ ಮಾತಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಮೊದಲೇ ನಿದ್ದೆ, ಸಂಬಳ, ಬಿಡುವು ಎಲ್ಲ ನೆಟ್ಟಗಿದ್ದವರು ತಾನೇ ಜಿಮ್‌ಗೆ ಹೋಗುವುದು.

ಮಿದುಳಿನೊಳಗೆ ಏನಾಗುತ್ತದೆ ಎಂಬ ಭಾಗವನ್ನು ಬೇಗ ದಾಟುತ್ತೇನೆ. ರಕ್ತನಾಳಗಳ ಆರೋಗ್ಯ ಒಂದು ಕಾರಣ. ದೇಹದ ತೂಕದಲ್ಲಿ ಕೇವಲ ಶೇ. 2ರಷ್ಟಿರುವ ಮಿದುಳು ಶಕ್ತಿಯಲ್ಲಿ ಶೇ. 20ರಷ್ಟನ್ನು ನುಂಗುತ್ತದೆ, ಪೂರೈಕೆಯ ಕೊಳವೆ ಚೊಕ್ಕಟವಾಗಿರಬೇಕಾದದ್ದು ಸಹಜ. ನರಕೋಶಗಳ ಬೆಳವಣಿಗೆಗೆ ನೆರವಾಗುವ ಬಿಡಿಎನ್ಎಫ್ ಎಂಬ ಪ್ರೋಟೀನಿನ ಮಾತೂ ಇದೆ. ಚಕ್ರದಲ್ಲಿ ಓಡಿದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹೆಚ್ಚಾದದ್ದು 1999ರಲ್ಲಿ ವರದಿಯಾಯಿತು. ಬೆಳೆದ ಮನುಷ್ಯರಲ್ಲಿ ಹಾಗೆ ಹೊಸ ಕೋಶಗಳು ಹುಟ್ಟುತ್ತವೆಯೇ? 2018ರಲ್ಲಿ ಒಂದು ತಂಡ ಇಲ್ಲವೆಂದಿತು, ಅದೇ ವರ್ಷ ಇನ್ನೊಂದು ತಂಡ ಹೌದೆಂದಿತು. ಜಗಳ ಅವರದು, ನನ್ನ ಓಟ ನಿಲ್ಲಬೇಕಿಲ್ಲ.

ದುಡಿಯುವವರ ನಿಜವಾದ ಪ್ರಶ್ನೆ ಸಮಯದ್ದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಎನ್ನುತ್ತದೆ. ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಉಸಿರು ಬಂದರೆ ಅದು ಮಧ್ಯಮ. ಆ ನಿಮಿಷಗಳು ಯಾವ ಖಾತೆಯಿಂದ ಬರಬೇಕು ಎಂದು ಸುತ್ತೋಲೆ ಹೇಳುವುದಿಲ್ಲ. ನನಗೆ ತಿಳಿದ ಮಟ್ಟಿಗೆ ಅವು ನಿದ್ದೆಯಿಂದ ಬರುತ್ತವೆ, ಮತ್ತು ನಿದ್ದೆಗೆಟ್ಟ ತಲೆ ಗಮನದ ಪರೀಕ್ಷೆಗಳಲ್ಲಿ ಮೊದಲು ಸೋಲುತ್ತದೆ. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಂಡ ಹಾಗೆ. ಹಾಗಾಗಿ ವರ್ಷಾಂತ್ಯದ ಲೆಕ್ಕ ಮುಗಿಸುವ ವಾರಗಳಲ್ಲಿ ಬೆಳಗಿನ ಓಟ ಬಿಟ್ಟು ಮಲಗುತ್ತೇನೆ. ಮಧ್ಯಾಹ್ನ ಮಹಡಿ ಮೆಟ್ಟಿಲುಗಳನ್ನು ಏದುಸಿರು ಬರುವಂತೆ ಹತ್ತುತ್ತೇನೆ. ಒಂದು ಸುತ್ತಿನ ಶ್ರಮದ ಬೆನ್ನಲ್ಲೇ ಸ್ವಲ್ಪ ಹೊತ್ತು ಗಮನ ಮೊನಚಾಗುತ್ತದೆ ಎಂಬುದಕ್ಕೆ ಸಣ್ಣದಾದರೂ ಆಧಾರವಿದೆ. ಕಠಿಣ ತಾಳೆಪಟ್ಟಿಯನ್ನು ಆ ಹೊತ್ತಿಗೇ ಎತ್ತಿಟ್ಟುಕೊಳ್ಳುತ್ತೇನೆ.

ಇದನ್ನೆಲ್ಲ ನಮ್ಮ ಕಡತ ಕೊಠಡಿಯ ಸಹಾಯಕರಿಗೆ ಹೇಳುತ್ತಿದ್ದಾಗ ಅವರು ನಕ್ಕರು. ದಿನವಿಡೀ ಕಟ್ಟುಗಳನ್ನು ಹೊತ್ತು ಮಹಡಿ ಹತ್ತುವವರು ಅವರು. "ಹಾಗಾದರೆ ಈ ಕಟ್ಟಡದಲ್ಲಿ ಎಲ್ಲರಿಗಿಂತ ಚುರುಕು ಬುದ್ಧಿ ನನ್ನದೇ ಇರಬೇಕಲ್ಲ ಮೇಡಂ" ಎಂದರು. ತಮಾಷೆಗೆ ಕೇಳಿದ್ದರೂ ಪ್ರಶ್ನೆ ಗಟ್ಟಿಯಾಗಿದೆ. ಬಿಡುವಿನ ವೇಳೆಯ ಶ್ರಮ ಹೃದಯಕ್ಕೆ ಹಿತ ತರುತ್ತದೆ, ಆದರೆ ಹೊಟ್ಟೆಪಾಡಿನ ಶ್ರಮ ಅದೇ ಹಿತವನ್ನು ತರುವುದು ಕಾಣುತ್ತಿಲ್ಲ, ಕೆಲವು ಅಧ್ಯಯನಗಳಲ್ಲಿ ಹಾನಿಯೇ ಕಂಡಿದೆ ಎಂಬ ವಿರೋಧಾಭಾಸದ ಬಗ್ಗೆ ಡೆನ್ಮಾರ್ಕ್‌ನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತಿತರರು ಬಹಳ ಬರೆದಿದ್ದಾರೆ. ಹೊರೆ ಎತ್ತುವ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ, ಕಸುವು ಹೆಚ್ಚಿಸುವಷ್ಟು ತೀವ್ರವಾಗಿರುವುದಿಲ್ಲ, ಚೇತರಿಸಿಕೊಳ್ಳಲು ನಡುವೆ ಬಿಡುವೂ ಸಿಗುವುದಿಲ್ಲ ಎಂಬುದು ಅವರು ಮುಂದಿಡುವ ಕಾರಣಗಳಲ್ಲಿ ಕೆಲವು. ಅಂಥ ದಿನದ ಕೊನೆಗೆ ನೀವೂ ಒಂದಿಷ್ಟು ಓಡಿ ಎಂದು ನಮ್ಮ ಸಹಾಯಕರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಓದಿದ ಪ್ರಯೋಗಗಳು ನನ್ನಂತೆ ಮೈ ಆಡಿಸದವರನ್ನು ಆರಿಸಿಕೊಂಡು ನಡೆದವು. ಸಹಾಯಕರ ದಿನಕ್ಕೆ ಅಗತ್ಯವಾದದ್ದು ಬಹುಶಃ ಕಟ್ಟುಗಳನ್ನು ಸಾಗಿಸಲು ಒಂದು ಲಿಫ್ಟ್. ಅದಕ್ಕೊಂದು ಟಿಪ್ಪಣಿ ಬರೆದು ಕಳುಹಿಸಿದ್ದೇನೆ, ಇನ್ನೂ ಪರಿಶೀಲನೆಯಲ್ಲಿದೆಯಂತೆ.