ಸಾವಿರ ಮೈಲಿಯನ್ನು ಕಂಠಪಾಠ ಮಾಡಿದವರು

ಉತ್ತರ ಇಟಲಿಗೆ ಬರುವ ನಮ್ಮವರಿಗೆ ಮಿಲಾನ್ ಗೊತ್ತು, ವೆನಿಸ್ ಗೊತ್ತು. ಅವೆರಡರ ನಡುವೆ ಇರುವ, ನಾನು ಆರು ವರ್ಷಗಳಿಂದ ಕೆಲಸಕ್ಕಾಗಿ ನೆಲೆಸಿರುವ ಬ್ರೆಶ್ಯಾ ಎಂಬ ಕಾರ್ಖಾನೆಗಳ ಊರು ಮಾತ್ರ ಹೆಚ್ಚಿನವರಿಗೆ ಅಪರಿಚಿತ. ನಾನು ದಿನವೂ ಸಾಗುವ ವಿಯಾಲೆ ವೆನೇತ್ಸಿಯಾ ಎಂಬ ಸಾಲುಮರದ ರಸ್ತೆ ಮೊದಮೊದಲು ನನಗೆ ಬರೀ ರಸ್ತೆಯಾಗಿತ್ತು. ಪಕ್ಕದ ಮನೆಯ ಹಿರಿಯರೊಬ್ಬರು ಒಂದು ಭಾನುವಾರ ಅಲ್ಲಿಗೆ ಕರೆದೊಯ್ದು, ತಾವು ಹುಡುಗನಾಗಿದ್ದಾಗ ತಂದೆಯ ಹೆಗಲ ಮೇಲೆ ಕುಳಿತು ಮಿಲ್ಲೆ ಮಿಲ್ಯಾ ಪಂದ್ಯದ ಕಾರುಗಳು ಹೊರಡುವುದನ್ನು ನೋಡಿದ ಜಾಗವನ್ನು ತೋರಿಸಿದರು. ಅಂದಿನಿಂದ ಆ ಪಂದ್ಯದ ಚಾಲಕರ ಕಥೆಗಳನ್ನು ಹುಡುಕಿ ಓದುವುದೂ ಅವರು ಓಡಿದ ದಾರಿಗಳಲ್ಲಿ ರಜೆಯ ದಿನಗಳಂದು ಸುತ್ತುವುದೂ ನನ್ನ ಅಭ್ಯಾಸವಾಗಿದೆ.

ಮಿಲ್ಲೆ ಮಿಲ್ಯಾ ಎಂದರೆ ಸಾವಿರ ಮೈಲಿ. ಬ್ರೆಶ್ಯಾದಿಂದ ರೋಮ್‌ಗೆ ಹೋಗಿ ಮತ್ತೆ ಬ್ರೆಶ್ಯಾಗೆ ಮರಳುವ ಸುಮಾರು 1,600 ಕಿಲೋಮೀಟರುಗಳ ಈ ಪಂದ್ಯ 1927ರಲ್ಲಿ ಆರಂಭವಾಯಿತು. ಇದಕ್ಕೆಂದು ಕಟ್ಟಿದ ಟ್ರ್ಯಾಕ್ ಇರಲಿಲ್ಲ. ಹಾಲಿನ ಗಾಡಿಗಳು ಓಡಾಡುವ, ಶಾಲೆಯ ಮುಂದೆ ಹಾಯುವ, ಘಟ್ಟ ಹತ್ತಿ ಇಳಿಯುವ ಊರ ರಸ್ತೆಗಳೇ ಪಂದ್ಯದ ಕಣ. ಮೊದಲ ವರ್ಷ ಗೆದ್ದ ಮಿನೋಯಾ ಮತ್ತು ಮೊರಾಂದಿ, ಬ್ರೆಶ್ಯಾದಲ್ಲಿಯೇ ತಯಾರಾದ ಓಎಂ ಕಾರಿನಲ್ಲಿ 21 ಗಂಟೆಗೂ ಹೆಚ್ಚು ಕಾಲ ಓಡಿದ್ದರು.

ನನ್ನನ್ನು ಕಾಡುತ್ತಾ ಬಂದಿರುವ ಪ್ರಶ್ನೆ ಒಂದೇ: ಅಷ್ಟು ದೂರದ ರಸ್ತೆಯನ್ನು, ಅದರ ಸಾವಿರಾರು ತಿರುವುಗಳನ್ನು, ಒಬ್ಬ ಮನುಷ್ಯ ನೆನಪಿನಲ್ಲಿ ಇಟ್ಟುಕೊಳ್ಳುವುದು ಹೇಗೆ? ಟ್ರ್ಯಾಕಿನಲ್ಲಿ ಅದೇ ತಿರುವು ಕೆಲವೇ ನಿಮಿಷಗಳಲ್ಲಿ ಮತ್ತೆ ಎದುರಾಗುತ್ತದೆ, ಮೊದಲ ಸುತ್ತಿನ ತಪ್ಪನ್ನು ಎರಡನೆಯದರಲ್ಲಿ ತಿದ್ದಿಕೊಳ್ಳಬಹುದು. ಇಲ್ಲಿ ಪ್ರತಿ ತಿರುವೂ ಒಂದೇ ಸಲ ಬರುತ್ತಿತ್ತು. ನಾಲ್ಕು ಬಾರಿ ಗೆದ್ದು ಯಾರೂ ಸರಿಗಟ್ಟದ ದಾಖಲೆ ಮಾಡಿದ ಕ್ಲೆಮೆಂತೆ ಬಿಯೊಂದೆತ್ತಿ ಫ್ಲಾರೆನ್ಸಿನ ನಿವಾಸಿ. ಆ ಊರಿಗೂ ಬೊಲೊನ್ಯಾಕ್ಕೂ ನಡುವಿನ ಫೂತಾ ಮತ್ತು ರಾತಿಕೋಸಾ ಘಟ್ಟಗಳು ಅವರ ಮನೆಯಂಗಳದಂತೆ ಇದ್ದವು. 1947ರಿಂದ 1949ರವರೆಗೆ ಸತತ ಮೂರು ಸಲ ಗೆದ್ದ ಅವರಿಗೆ ಕೊನೆಯ ಗೆಲುವಿನ ಹೊತ್ತಿಗೆ ಐವತ್ತು ವರ್ಷ ತುಂಬಿತ್ತು. ನಾನು ಒಂದು ಮಳೆಯ ದಿನ ಫೂತಾ ಘಟ್ಟವನ್ನು ಎರಡನೇ ಗೇರಿನಲ್ಲಿ ಇಳಿಯುವಾಗ ಅವರ ಬಗ್ಗೆ ಮೂಡಿದ ಗೌರವವನ್ನು ಯಾವ ಓದೂ ಮೂಡಿಸಿರಲಿಲ್ಲ.

ಆದರೆ ಇಲ್ಲಿನ ಹಿರಿಯರು ಪ್ರೀತಿಯಿಂದ ಎತ್ತುವ ಹೆಸರು ತಾತ್ಸಿಯೋ ನುವೊಲಾರಿ ಅವರದು. ಮಾಂತುವಾ ಸಮೀಪದ ಕಾಸ್ತೆಲ್ ದಾರಿಯೋದಲ್ಲಿ 1892ರಲ್ಲಿ ಹುಟ್ಟಿದ ಈ ಸಣ್ಣ ಮೈಕಟ್ಟಿನ ಚಾಲಕ, 1930ರಲ್ಲಿ ಆಲ್ಫಾ ರೋಮಿಯೋ ಓಡಿಸಿ, ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ಸರಾಸರಿ ವೇಗದಲ್ಲಿ ಈ ಪಂದ್ಯ ಗೆದ್ದ ಮೊದಲಿಗರಾದರು. ಅಂದು ರಸ್ತೆಯಲ್ಲಿ ಮುಂದಿದ್ದ ಎದುರಾಳಿ ಆಕಿಲ್ಲೆ ವಾರ್ತ್ಸಿಯನ್ನು ಹೆಡ್‌ಲೈಟ್ ಆರಿಸಿಕೊಂಡು ಕತ್ತಲಲ್ಲಿ ಹಿಂಬಾಲಿಸಿ ಹಿಂದಿಕ್ಕಿದರು ಎಂಬ ಕಥೆಗೆ ಬಾಯಿಂದ ಬಾಯಿಗೆ ಬಣ್ಣ ಸೇರಿದೆ. ಕಾರುಗಳು ಒಂದರ ಹಿಂದೊಂದು ಹೊರಡುತ್ತಿದ್ದ ಈ ಪಂದ್ಯದಲ್ಲಿ, ವಾರ್ತ್ಸಿಗಿಂತ ತಡವಾಗಿ ಹೊರಟಿದ್ದ ನುವೊಲಾರಿ ಕಾಲದ ಲೆಕ್ಕದಲ್ಲಿ ಆಗಲೇ ಮುಂದಿದ್ದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1948ರ ಅವರ ಸೋಲು. ಇಬ್ಬರು ಗಂಡುಮಕ್ಕಳನ್ನೂ ಹದಿನೆಂಟರ ಹರೆಯದಲ್ಲಿ ಕಳೆದುಕೊಂಡು, ಶ್ವಾಸಕೋಶದ ಕಾಯಿಲೆಯಿಂದ ಬಳಲುತ್ತಿದ್ದ 55ರ ನುವೊಲಾರಿ ಆ ವರ್ಷ ಫೆರಾರಿಯಲ್ಲಿ ಎಲ್ಲರಿಗಿಂತ ಮುಂದಿದ್ದರು. ದಾರಿಯಲ್ಲಿ ಮಡ್‌ಗಾರ್ಡ್ ಕಳಚಿತು, ಬಾನೆಟ್ ಹಾರಿಹೋಯಿತು, ಸೀಟೂ ಸಡಿಲವಾಯಿತು. ಆದರೂ ನಿಲ್ಲಿಸದ ಅವರನ್ನು ಕೊನೆಗೆ ರೆಜ್ಜೋ ಎಮಿಲಿಯಾ ಬಳಿ ಮುರಿದ ಸ್ಪ್ರಿಂಗ್ ನಿಲ್ಲಿಸಿತು. ಗೆದ್ದವರು ಬಿಯೊಂದೆತ್ತಿ. ಜನ ಅತ್ತದ್ದು ನುವೊಲಾರಿಗಾಗಿ.

ನೆನಪಿನ ಪ್ರಶ್ನೆಗೆ ಹೊಸ ಉತ್ತರ ಸಿಕ್ಕಿದ್ದು 1955ರಲ್ಲಿ. ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್‌ಗೆ ಇಟಲಿಯವರಷ್ಟು ದಾರಿ ಗೊತ್ತಿರಲು ಸಾಧ್ಯವಿರಲಿಲ್ಲ. ಅವರ ಜೊತೆ ಕುಳಿತ ಗಡ್ಡಧಾರಿ ಪತ್ರಕರ್ತ ಡೆನಿಸ್ ಜೆಂಕಿನ್ಸನ್, ಹಲವು ಬಾರಿ ದಾರಿ ಸುತ್ತಿ, ತಿರುವು, ದಿಣ್ಣೆ, ರೈಲ್ವೆ ಗೇಟುಗಳನ್ನೆಲ್ಲ ಸುಮಾರು 18 ಅಡಿ ಉದ್ದದ ಕಾಗದದ ಸುರುಳಿಯಲ್ಲಿ ಬರೆದುಕೊಂಡರು. ಅದನ್ನು ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಸುತ್ತುತ್ತಾ ಪಾರದರ್ಶಕ ಕಿಂಡಿಯಲ್ಲಿ ಓದಬಹುದಿತ್ತು. ಮುಚ್ಚಿಗೆಯಿಲ್ಲದ ಮರ್ಸಿಡಿಸ್‌ನ ಗದ್ದಲದಲ್ಲಿ ಮಾತು ಕೇಳದಾದ್ದರಿಂದ ಎಲ್ಲವನ್ನೂ ಕೈಸನ್ನೆಯಲ್ಲಿಯೇ ತಿಳಿಸಬೇಕಿತ್ತು. ದಾರಿಯಲ್ಲಿ ವಾಂತಿ ಮಾಡಲು ಹೊರಗೆ ಬಾಗಿದಾಗ ಗಾಳಿಗೆ ಕನ್ನಡಕ ಹಾರಿಹೋದರೂ, ಜೆಂಕಿನ್ಸನ್ ಜೇಬಿನಲ್ಲಿದ್ದ ಇನ್ನೊಂದನ್ನು ಧರಿಸಿ ಓದು ಮುಂದುವರಿಸಿದರು. ಬೆಳಗ್ಗೆ 7 ಗಂಟೆ 22 ನಿಮಿಷಕ್ಕೆ ಹೊರಟದ್ದರಿಂದ 722 ಎಂಬ ಸಂಖ್ಯೆ ಪಡೆದಿದ್ದ ಆ ಕಾರು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಬ್ರೆಶ್ಯಾಗೆ ಮರಳಿತು. ಸರಾಸರಿ ವೇಗ ಗಂಟೆಗೆ 157 ಕಿಲೋಮೀಟರಿಗೂ ಹೆಚ್ಚು. ಒಬ್ಬರೇ ಓಡಿಸಿದ ಅರ್ಜೆಂಟೀನಾದ ಹೆಸರಾಂತ ಚಾಲಕ ಫಾಂಜಿಯೊ ಎರಡನೆಯವರಾದರು. ಜೆಂಕಿನ್ಸನ್ ಜೊತೆಗೂಡಿ ಈ ಟಿಪ್ಪಣಿಯ ಯೋಚನೆ ಮಾಡಿದ್ದ ಅಮೆರಿಕದ ಚಾಲಕ ಜಾನ್ ಫಿಚ್, ತನ್ನ ಜೊತೆಗಾರನನ್ನು ಮಾಸ್‌ಗೆ ಬಿಟ್ಟುಕೊಟ್ಟರು ಎಂಬುದನ್ನು ಮರೆಯಬಾರದು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ್‍ಯಾಲಿಗಳಲ್ಲಿ ಸಹಚಾಲಕರು ತೊಡೆಯ ಮೇಲಿನ ಪುಸ್ತಕದಿಂದ ತಿರುವುಗಳನ್ನು ಓದಿ ಹೇಳುವುದನ್ನು ಕಂಡವರಿಗೆ ಆ ಸುರುಳಿಯ ಬೆಲೆ ತಿಳಿಯುತ್ತದೆ.

1957ರ ಮೇ 12ರಂದು ಪಿಯೆರೋ ತಾರುಫಿ ಗೆದ್ದರು. ಐವತ್ತು ವಯಸ್ಸಿನ ಈ ಎಂಜಿನಿಯರ್, ಇದೊಂದು ಪಂದ್ಯ ಗೆದ್ದರೆ ರೇಸ್ ಬಿಡುವೆನೆಂದು ಹೆಂಡತಿಗೆ ಕೊಟ್ಟಿದ್ದ ಮಾತನ್ನು ಉಳಿಸಿಕೊಂಡರು. ಆದರೆ ಅದೇ ದಿನ, ಬ್ರೆಶ್ಯಾ ಇನ್ನೇನು ಹತ್ತಿರವಿರುವಾಗ, ಸ್ಪೇನಿನ ಅಲ್ಫೊನ್ಸೊ ದೆ ಪೊರ್ತಾಗೊ ಅವರ ಫೆರಾರಿಯ ಟೈರ್ ಗ್ವಿದಿತ್ಸೊಲೋ ಬಳಿ ಸಿಡಿಯಿತು. ಅವರೂ ಸಹಚಾಲಕ ಎಡ್ಮಂಡ್ ನೆಲ್ಸನ್ ಅವರೂ ರಸ್ತೆಬದಿಯಲ್ಲಿ ನಿಂತಿದ್ದ ಒಂಬತ್ತು ಮಂದಿಯೂ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಮೊಕದ್ದಮೆ ಎದುರಿಸಿದ, ಫೆರಾರಿ ಕಂಪನಿಯ ಸ್ಥಾಪಕ ಎಂಜೊ ಫೆರಾರಿ 1961ರಲ್ಲಿ ನಿರ್ದೋಷಿ ಎನಿಸಿಕೊಂಡರು, ಆದರೆ ವೇಗದ ಪಂದ್ಯವಾಗಿ ಮಿಲ್ಲೆ ಮಿಲ್ಯಾ ಅಂದೇ ಮುಗಿದಿತ್ತು. ಇಂದು ಹಳೆಯ ಕಾರುಗಳು ಅದೇ ಹೆಸರಿನಲ್ಲಿ ಪ್ರತಿವರ್ಷ ನಿಧಾನವಾಗಿ ಸಾಗುತ್ತವೆ.

ಕಳೆದ ವಸಂತದಲ್ಲಿ ಪಕ್ಕದ ಮನೆಯ ಹಿರಿಯರೊಂದಿಗೆ ಗ್ವಿದಿತ್ಸೊಲೋ ಬಳಿಯ ಆ ಅಪಘಾತದ ಜಾಗಕ್ಕೆ ಹೋಗಿದ್ದೆ. ಫೂತಾ ಘಟ್ಟದಂಥ ದಾರಿಯನ್ನು ನಿರೀಕ್ಷಿಸಿದ್ದ ನನಗೆ ಕಂಡದ್ದು ಎರಡೂ ಬದಿ ಹೊಲಗಳಿರುವ, ಕಣ್ಣು ಹಾಯುವಷ್ಟು ದೂರ ನೇರವಾಗಿ ಸಾಗುವ ರಸ್ತೆ. ನೆನಪಿಟ್ಟುಕೊಳ್ಳಬೇಕಾದ ಒಂದು ತಿರುವೂ ಅಲ್ಲಿರಲಿಲ್ಲ. ಹಿರಿಯರು ಸ್ಮಾರಕದ ಮುಂದೆ ಟೊಪ್ಪಿಗೆ ತೆಗೆದು ಸ್ವಲ್ಪ ಹೊತ್ತು ನಿಂತರು, ಆಮೇಲೆ ರಸ್ತೆಯಂಚಿನಿಂದ ದೂರ ಸರಿಯುವಂತೆ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡರು.